ತಾನೇ ಹಾಕಿದ ಬೀಗದ ಹೊರಗೆ ಪಂಕಜಕ್ಕ

ಮಂಗಳೂರಿನ ಉರ್ವದ ಮಾರುಕಟ್ಟೆಗೆ ತರಕಾರಿ ಇಳಿಯುವ ನಸುಕು. ಹತ್ತಿರದ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ಕೋಣೆಯ ದಪ್ಪ ಗೋಡೆಗೆ ಬೆನ್ನು ತಾಗಿಸಿ ಪಂಕಜಾಕ್ಷಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಾರೆ. ಸೆಲ್ಫಿ ಎಂದುಕೊಂಡೆ. ಅಲ್ಲ. ರಾತ್ರಿ ಪಾಳಿಯ ನರ್ಸ್‌ಗಳು ಬೆಳಗಿನವರಿಗೆ ರೋಗಿಗಳನ್ನು ಒಪ್ಪಿಸುವ ಸಮಯವಿದು. ಅವರ ಸಂದೇಶಗಳು ಇಲ್ಲಿಯವರೆಗೂ ಮುಟ್ಟುತ್ತವೆಯೇ ಎಂದು ನೋಡುತ್ತಿದ್ದಾರೆ. "ಇಲ್ಲಿ ಸಿಗ್ನಲ್ ಸತ್ತೇ ಹೋಗ್ತದೆ ಮಾರಾಯ್ರೆ. ಇಲ್ಲಿಗೆ ಮೆಸೇಜ್ ಬಂದ್ರೆ ಎಲ್ಲ ಕಡೆಗೂ ಬಂದ ಹಾಗೆ" ಎನ್ನುತ್ತಾರೆ.

ಮಣ್ಣಗುಡ್ಡದ ಪಂಕಜಾಕ್ಷಿಗೆ ಐವತ್ತು ದಾಟಿದೆ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗವೆಂದರೆ ಅವರೊಬ್ಬರೇ. ಪ್ರಿಂಟರ್ ಕಾಗದ ನುಂಗಿದರೂ ಅವರೇ, ಟೋಕನ್ ಯಂತ್ರ ಮುನಿಸಿಕೊಂಡರೂ ಅವರೇ. ಇಲ್ಲಿನ ನೂರೆಪ್ಪತ್ತು ಸಿಬ್ಬಂದಿ ತಮ್ಮೊಳಗೆ ಮಾತಾಡಿಕೊಳ್ಳುವ ಮೆಸೇಜ್ ಆ್ಯಪನ್ನು ಆರಿಸಿದವರೂ ಅವರೇ. ಅದರ ಹಿಂದೆ ಯಾರಿದ್ದಾರೆಂದು ಕೇಳಿದರೆ ಅರ್ಧ ಆಸ್ಪತ್ರೆಗೆ ಗೊತ್ತಿಲ್ಲ.

ಮೊದಲೆಲ್ಲ ಕೆಲಸದ ಮಾತು ನಡೆಯುತ್ತಿದ್ದದ್ದು ಸ್ವಂತ ಫೋನಿನ ಗ್ರೂಪುಗಳಲ್ಲಿ. ರೋಗಿಯ ರಿಪೋರ್ಟೂ ದೊಡ್ಡಮ್ಮ ಕಳಿಸಿದ ಗುಲಾಬಿಯೂ ಒಂದೇ ಗ್ಯಾಲರಿಯಲ್ಲಿ ಅಕ್ಕಪಕ್ಕ. ಒಂದು ಬೆಳಿಗ್ಗೆ ಪಾಳಿ ಮುಗಿಸಿದ ನರ್ಸ್ ರೊಸಾಲಿನ್ ನಿದ್ದೆಗಣ್ಣಲ್ಲಿ ಕುಟುಂಬದ ಗ್ರೂಪಿಗೆ 'ಗುಡ್ ಮಾರ್ನಿಂಗ್' ಹೂವು ಕಳಿಸಿದರು. ಹೂವಿನ ಜೊತೆ ಯುವತಿಯೊಬ್ಬಳಿಗೆ ಗರ್ಭ ನಿಲ್ಲಲಿಲ್ಲವೆಂಬ ರಿಪೋರ್ಟೂ ಹೋಯಿತು. ಮಂಗಳೂರು ಎಷ್ಟು ಬೆಳೆದರೇನು, ಆ ಗ್ರೂಪಿನಲ್ಲೇ ಯುವತಿಯ ಅತ್ತೆಯ ತಂಗಿ ಇದ್ದರು. ತಾನಾಗಿ ಮನೆಯಲ್ಲಿ ಹೇಳಬೇಕೆಂದಿದ್ದ ಮಾತನ್ನು ಆಕೆ ಅತ್ತೆಯ ಬಾಯಿಂದ ಕೇಳಬೇಕಾಯಿತು.

"ರೊಸಾಲಿನ್ ಎಷ್ಟು ಅತ್ತಳು ಅಂತ ಹೇಳ್ಲಿಕ್ಕಿಲ್ಲ. ಆದ್ರೆ ಆ ಹುಡುಗಿ ಮತ್ತೆ ಆಸ್ಪತ್ರೆಗೆ ಬಂದು ಅಳದೆ ಕೂತದ್ದು ಉಂಟಲ್ಲ, ಅದು ನನಗೆ ಮರೆಯುದಿಲ್ಲ" ಎನ್ನುತ್ತಾರೆ ಪಂಕಜಾಕ್ಷಿ.

ಆಸ್ಪತ್ರೆಯ ಮಾಲೀಕ ಡಾ. ವಾಲ್ಟರ್ ಬೇರೆ ಆ್ಯಪ್ ಹುಡುಕಲು ಹೇಳಿದರು. ಕಂಪನಿಯವರು ಟೈ ಕಟ್ಟಿಕೊಂಡು ಬಂದು ಬಣ್ಣಬಣ್ಣದ ಸ್ಲೈಡು ತೋರಿಸಿದರು. ಪಂಕಜಾಕ್ಷಿ ಮಾತ್ರ ಪ್ರತಿ ಆ್ಯಪನ್ನೂ ಮೊದಲು ಸ್ಟ್ರೆಚರ್ ತಳ್ಳುವ ಬೂಬಣ್ಣನ ಕೈಗೆ ಕೊಟ್ಟರು. ಓದು ಬಾರದ ಬೂಬಣ್ಣ ತುಳುವಿನಲ್ಲಿ ಮಾತಾಡಿಯೇ ಸಂದೇಶ ಕಳಿಸಬೇಕು. ಒಂದು ಆ್ಯಪ್ ಈ ನೆಲಮಾಳಿಗೆಯಲ್ಲಿ ತಲುಪದ ಸಂದೇಶವನ್ನು ತಲುಪಿತೆಂದು ತೋರಿಸಿತು. ಇನ್ನೊಂದು ಸದ್ದಿಲ್ಲದೆ ಚಿತ್ರಗಳನ್ನು ಗ್ಯಾಲರಿಗೆ ಇಳಿಸಿತು. ಎರಡಕ್ಕೂ ಕೈಮುಗಿದರು. ಕೊನೆಗೆ ಆರಿಸಿದ್ದರಲ್ಲಿ ಸಂದೇಶ ಹೊರಗಿನವರಿಗೆ ಫಾರ್ವರ್ಡ್ ಆಗುವುದಿಲ್ಲ. ಕಳಿಸಿದವರು, ಪಡೆದವರು ಬಿಟ್ಟರೆ ಯಾರೂ ಅದನ್ನು ತೆರೆಯಲಾರರು.

ತಕರಾರು ಎದ್ದದ್ದು ಅಲ್ಲೇ. "ಮ್ಯಾನೇಜ್‌ಮೆಂಟಿಗೆ ಓದ್ಲಿಕ್ಕೆ ಒಂದು ಕೀ ಬೇಕಲ್ವಾ?" ಎಂದರು ವಾಲ್ಟರ್.

"ಬೇಡ ಡಾಕ್ಟ್ರೇ. ನಿಮ್ಮ ಹತ್ರ, ನನ್ನ ಹತ್ರ ಕೀ ಉಂಟು ಅಂತ ಗೊತ್ತಾದ್ರೆ ಎಲ್ರೂ ಪುನಃ ಹಳೇ ಗ್ರೂಪಿಗೇ ಹೋಗ್ತಾರೆ. ಕೀ ಬೇಕೇ ಬೇಕಾದ್ರೆ ಈ ಕೆಲಸಕ್ಕೆ ಬೇರೆ ಜನ ನೋಡಿ."

ನೌಕರಿಯನ್ನೇ ಪಣಕ್ಕಿಟ್ಟ ಮಾತು ಅದು. ಡಾಕ್ಟರು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಸಹಿ ಹಾಕಿದರು. ಈ ಗಟ್ಟಿತನ ಎಲ್ಲಿಂದ ಬಂತೆಂದು ಕೇಳಿದರೆ ಪಂಕಜಾಕ್ಷಿ ಅರ್ಚಕರಾಗಿದ್ದ ತಂದೆ ಚಕ್ರಪಾಣಿಯವರನ್ನು ನೆನೆಯುತ್ತಾರೆ. "ಸಂಕಲ್ಪ ಮಾಡಿಸ್ಲಿಕ್ಕೆ ಬಂದವರು ಮನೆಯ ಕಷ್ಟ ಎಲ್ಲ ಅಪ್ಪನ ಹತ್ರ ಹೇಳ್ತಿದ್ರು. ಅಮ್ಮ 'ಅವರಿಗೆ ಎಂತ ಅಂತೆ?' ಅಂತ ಕೇಳಿದ್ರೆ, 'ದೇವರಿಗೆ ಹೇಳಿ ಆಯ್ತು, ನೀನು ಬಡಿಸು' ಅಂತ ಹೇಳ್ತಿದ್ರು."

ರೊಸಾಲಿನ್ ಈಗಲೂ ಇಲ್ಲೇ ನರ್ಸ್. "ನಿದ್ದೆಗಣ್ಣಲ್ಲಿ ಸಹ ತಪ್ಪು ಮಾಡ್ಲಿಕ್ಕೆ ಇದು ಬಿಡುದಿಲ್ಲ" ಎಂದು ನಗುತ್ತಾರೆ.

ಕಳೆದ ವರ್ಷ ಪಂಕಜಾಕ್ಷಿಯ ಎದೆಯಲ್ಲೇ ಒಂದು ಗಂಟು ಕಾಣಿಸಿಕೊಂಡಿತು. ಪರೀಕ್ಷೆ ನಡೆದದ್ದು ಇದೇ ಆಸ್ಪತ್ರೆಯಲ್ಲಿ. ರಿಪೋರ್ಟ್ ಬರಬೇಕಿದ್ದ ದಿನ ಅವರು ಸರ್ವರ್ ಮುಂದೆ ಕುಳಿತಿದ್ದರು. ಲ್ಯಾಬಿನಿಂದ ಸರ್ಜನ್‌ಗೆ ಸಂದೇಶ ಹೋದದ್ದು ಪರದೆಯ ಮೇಲೆ ಒಂದು ಸಾಲಾಗಿ ಕಂಡಿತು. ಆ ಹೊತ್ತಿಗೆ ಹೋಗಬೇಕಿದ್ದದ್ದು ಅದೊಂದೇ, ತನ್ನದೇ ಎಂದು ಗೊತ್ತು. ಒಳಗೆ ಏನಿದೆಯೋ ಗೊತ್ತಿಲ್ಲ.

"ಒಂದು ಕೀ ಇಟ್ಕೊಳ್ಬೇಕಿತ್ತು ಅಂತ ಆವತ್ತು ಅನ್ನಿಸಿತು. ಸುಳ್ಳು ಯಾಕೆ ಹೇಳ್ಲಿ? ಮತ್ತೆ ಕೆಳಗೆ ಹೋಗಿ ಟೋಕನ್ ತೆಗೊಂಡು ಎಲ್ಲರ ಜೊತೆ ಕೂತೆ."

ಇಂಥವರನ್ನು ನಾನು ಹೆಚ್ಚು ಕಂಡಿಲ್ಲ. ಪುಣ್ಯಕ್ಕೆ ಗಂಟು ಅಪಾಯದ್ದಾಗಿರಲಿಲ್ಲ, ತೆಗೆದದ್ದೂ ಆಯಿತು.

"ಲ್ಯಾಬು, ವಾರ್ಡು, ಥಿಯೇಟರು, ಎಷ್ಟು ಜನ ಆ ವಿಷಯ ಮಾತಾಡಿರ್ಬೇಕು ಆ್ಯಪಿನಲ್ಲಿ! ಇವತ್ತಿನವರೆಗೆ ಕ್ಯಾಂಟೀನಿನಲ್ಲಿ ಒಬ್ಬರೂ 'ಎಂತಾಯ್ತು ಪಂಕಜಕ್ಕ' ಅಂತ ಕೇಳ್ಲಿಲ್ಲ" ಎನ್ನುವಾಗ ಅವರ ಮುಖ ಅರಳುತ್ತದೆ.

ಹಾಗಾದರೆ ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಅಳುಕುತ್ತಲೇ ಕೇಳುತ್ತೇನೆ.

"ಬರೀರಿ. ಇದು ನಾನೇ ಹೇಳಿದ್ದಲ್ವಾ?"