ಮದರಾಸಿನ ಹೆರಿಗೆ ವಾರ್ಡಿನಲ್ಲಿ ಗೆದ್ದವರ ಲೆಕ್ಕ

ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಮಧ್ಯಾಹ್ನ ಮದರಾಸ್ ಸೆಂಟ್ರಲ್‌ನಲ್ಲಿ ಇಳಿದಾಗ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಎಪ್ಪತ್ತೆಂಟರ ಮೇ ತಿಂಗಳು. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಲೈಬ್ರರಿ ಪುಸ್ತಕ ಓದಿ ಅಂಕಿಅಂಶದ ಹುಚ್ಚು ಹತ್ತಿಸಿಕೊಂಡವಳು. ಕೀಲ್ಪಾಕಿನ ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಚಿಕ್ಕಮ್ಮ ಆ ಹುಚ್ಚನ್ನೇ ನಂಬಿ ಕರೆಸಿಕೊಂಡಿದ್ದರು.

ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರು, ಫಿಟ್ಸ್ ಬಂದವರು ಯಾರೆಂದು ದಿನವೂ ವಿಚಾರಿಸಿ ಬರೆದಿಡುವ ಪದ್ಧತಿ ಶುರುಮಾಡಬೇಕಿತ್ತು. ಅಂಥವರು ಇದ್ದಾರೆಂದು ಶನಿವಾರದೊಳಗೆ ತೋರಿಸಿದರೆ ರಕ್ತ ಇಡುವ ಫ್ರಿಜ್ ಕೊಡಿಸುತ್ತೇನೆಂದು ಆಸ್ಪತ್ರೆಯ ಮಾಲೀಕರು ಹೇಳಿದ್ದರು. ಅಲ್ಲಿಯವರೆಗೆ ರಕ್ತ ಬೇಕಾದರೆ ಬೇರೆ ಆಸ್ಪತ್ರೆಗೆ ಆಟೋ ಓಡಿಸಬೇಕು.

ಮರುದಿನ, ಗುರುವಾರ, ಇಡ್ಲಿ ತಿಂದು, ಹುರುಪಿನಿಂದ ಮಂಚದಿಂದ ಮಂಚಕ್ಕೆ ಹೋಗಿ, "ಏನಾದ್ರೂ ತೊಂದರೆ ಆಯ್ತಾ?" ಎಂದು ಕೇಳಿದೆ. ನರ್ಸುಗಳೆಲ್ಲ, "ಎಲ್ಲಾಂ ನಲ್ಲಾ ಇರುಕ್ಕು" ಎಂದರು, ಎಲ್ಲ ಚೆನ್ನಾಗಿದೆ ಅಂತ. ಒಬ್ಬ ಬಾಣಂತಿಯ ತಾಯಿ "ಸುಖಪ್ರಸವಂ!" ಎಂದು ನನ್ನ ಕೈಗೆ ಕಲ್ಲುಸಕ್ಕರೆ ಹಾಕಿದರು. ಶುಕ್ರವಾರವೂ ಇದೇ ಉತ್ತರ. ನನ್ನ ಹಾಳೆ ಖಾಲಿ.

ವರಾಂಡದಲ್ಲಿ ಚಿಕ್ಕಮ್ಮನ ಜೊತೆ ಕಾಫಿ ಕುಡಿಯುತ್ತ ಗೋಳು ಹೇಳಿಕೊಂಡೆ. ಅಲ್ಲೇ ಇದ್ದ ಕೋಲಾರದ ಗಣಿ ಕಡೆಯ ನರ್ಸ್ ಸಿಸ್ಟರ್ ಮೇರಿ ಬಿದ್ದುಬಿದ್ದು ನಕ್ಕರು.

"ಸುಖವಾ? ಆ ಸಕ್ಕರೆ ಕೊಟ್ಟ ಅಮ್ಮನ ಮಗಳಿಗೆ ರಕ್ತ ನಿಲ್ಲಲೇ ಇಲ್ಲ. ಆಟೋದಲ್ಲಿ ರಕ್ತ ಬರೋ ತನಕ ಹೊಟ್ಟೆ ಒತ್ತಿ ಹಿಡ್ಕೊಂಡಿದ್ದು ನಾನು. ವೇಳಾಂಕಣ್ಣಿ ಮಾತೆಗೂ ಮುರುಗನಿಗೂ ಸೇರಿಸಿ ಹರಕೆ ಹೊತ್ತೆ! ಈಗ ನೋಡಿ, ರಸಂ ಸರಿಯಿಲ್ಲವಂತೆ ಮಹಾರಾಣಿಗೆ!"

"ಮತ್ತೆ ಆಗ ಯಾಕೆ ಹೇಳಲಿಲ್ಲ?"

"ಅಯ್ಯೋ ಕಣ್ಣಾ," ಎಂದರು ಚಿಕ್ಕಮ್ಮ, "ಬಾಣಂತಿ ಎದುರಿಗೆ ಕೆಟ್ಟದ್ದನ್ನ ಬಾಯಲ್ಲಿ ಆಡ್ತಾರಾ?"

ಆ ಗಳಿಗೆಯಿಂದ ವಾರ್ಡಿನೊಳಗೆ ಕೇಳುವುದನ್ನೇ ಬಿಟ್ಟೆ. ವರಾಂಡದಲ್ಲಿ ಕೂತು, "ಸಿಸ್ಟರ್, ಈ ವಾರ ಯಾರನ್ನ ಉಳಿಸಿದ್ರಿ?" ಎಂದು ಕೇಳತೊಡಗಿದೆ. ತಗೋ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು! "ನಿಂದೇನು ಮಹಾ, ನಂದು ಕೇಳಿ" ಎಂದು ಪೈಪೋಟಿ. ಸಂಜೆಗೆ ಹಾಳೆ ಸಾಲಲಿಲ್ಲ.

ಶನಿವಾರ ಮಾಲೀಕರು ಎಲ್ಲವನ್ನೂ ಓದಿದರು. ಆಮೇಲೆ, "ಫ್ರಿಜ್ ಇಡೋಕೆ ಜಾಗ ಎಲ್ಲಿದೆ?" ಎಂದು ಕೊನೆಯ ತಕರಾರು ತೆಗೆದರು.

"ನಿಮ್ಮ ರೂಮಲ್ಲಿದೆ ಸಾರ್," ಎಂದರು ಮೇರಿ.

ಭಾನುವಾರ ಸೆಂಟ್ರಲ್‌ನಲ್ಲಿ ನನ್ನ ಬೆಂಗಳೂರಿನ ರೈಲು ಅಲುಗಿದಾಗ ಚಿಕ್ಕಮ್ಮ ಕಿಟಕಿಯ ಜೊತೆಜೊತೆಗೇ ಓಡುತ್ತ ಕೂಗಿದರು: "ಒಪ್ಕೊಂಡ್ರು ಕಣೇ! ಅವರ ರೂಮಿನ ಸೋಫಾ ಈಗಲೇ ಹೊರಗೆ ಹಾಕ್ಸಿದ್ದಾಳೆ ಮೇರಿ!"