ತಿಂಗಳಿಗೆ ನಾಲ್ಕು ದಿನ

ಕೋರ್ಟಿನ ಹುಕುಮಿನ ಪ್ರಕಾರ ತಿಂಗಳಲ್ಲಿ ನಾಲ್ಕು ದಿನ ನಾನು ಅವ್ವನವಳು. ಉಳಿದ ದಿನಗಳೆಲ್ಲ ಹಳಿಯಾಳದ ಅಪ್ಪನ ಮನೆಗೆ ಸೇರಿದ್ದವು. ಅಪ್ಪ ಪಂಚರ ಮುಂದೆ ಸೋಡಚೀಟಿ ಬರೆದುಕೊಟ್ಟು ಸಂಬಂಧ ಬಿಡಿಸಿಕೊಂಡಿದ್ದ. ಅವ್ವ ಮುಂಡಗೋಡದ ತವರು ಸೇರಿದ್ದಳು. ಒಬ್ಬರನ್ನೊಬ್ಬರು ಬಿಟ್ಟರೂ ನನ್ನನ್ನು ಬಿಡಲು ಇಬ್ಬರೂ ಒಪ್ಪಲಿಲ್ಲ. ಆಗ ನನಗೆ ಏಳು ವರ್ಷ.

ಆ ನಾಲ್ಕು ದಿನ ಅವ್ವ ನನ್ನನ್ನು ನೋಡುತ್ತಿದ್ದಳು. ಬೇರೆ ಕೆಲಸ ಮಾಡಿದ್ದು ನೆನಪಿಲ್ಲ. ಉಣ್ಣುವಾಗ ನೋಡುತ್ತಿದ್ದಳು, ತಲೆ ಬಾಚುವಾಗ ಗದ್ದ ಹಿಡಿದು ತಿರುಗಿಸಿಕೊಂಡು ನೋಡುತ್ತಿದ್ದಳು. ಮಧ್ಯಾಹ್ನ ನಿದ್ದೆಯಿಂದ ಎಚ್ಚರಾದರೆ ಆ ಕಣ್ಣುಗಳು ಅಲ್ಲೇ ಇರುತ್ತಿದ್ದವು.

“ಹಂಗ್ಯಾಕ ನೋಡ್ತಿ?”

“ತಿಂಗಳಾ ಪೂರ್ತಿ ಆಗೂವಷ್ಟು ನೋಡ್ಕೋಬೇಕಲ್ಲ, ಖೋಡಿ.”

ಹಳಿಯಾಳಕ್ಕೆ ಮರಳಿದರೆ ಅಪ್ಪನ ತಾಯಿ, ನಮ್ಮ ಆಯಿ, ಹೊಸ್ತಿಲಲ್ಲೇ ತಡೆಯುತ್ತಿದ್ದಳು. ಒಣ ಮೆಣಸಿನಕಾಯಿ, ಮುಷ್ಟಿ ತುಂಬ ಉಪ್ಪು ಹಿಡಿದು ನನಗೆ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದಳು. ಘಾಟು ಎದ್ದರೆ ದೃಷ್ಟಿಯಾಗಿಲ್ಲ, ಏಳದಿದ್ದರೆ ಆಗಿದೆ. ಘಾಟು ಏಳುತ್ತಲೇ ಇರಲಿಲ್ಲ.

“ಒಂದ ಸೀನರ ಬಂತೇನು? ಹೆತ್ತಾಕಿ ಕಣ್ಣು ಯವ್ವಾ, ಭಾಳ ಕೆಟ್ಟದ್ದು.”

ನಾನು ಸುಮ್ಮನೆ ನಂಬಿದವಳಲ್ಲ. ಮದುವೆಮನೆಯಿಂದ ಬಂದಾಗ, ಜಾತ್ರೆಯಿಂದ ಬಂದಾಗ, ನಾನೇ ಹಟ ಮಾಡಿ ಆಯಿಯಿಂದ ದೃಷ್ಟಿ ತೆಗೆಸಿಕೊಂಡೆ. ಆಗ ಅವಳು ಬರೀ ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ಮಂದಿಯ ಕಣ್ಣಿಗೆ ಅಷ್ಟು ಸಾಕಂತೆ, ಉಪ್ಪು ಬೇಕಾದದ್ದು ರಕ್ತಸಂಬಂಧದ ಕಣ್ಣಿಗೆ. ಆಗೆಲ್ಲ ಮನೆಮಂದಿ ಕೆಮ್ಮಿ ಅಂಗಳಕ್ಕೆ ಓಡುವಷ್ಟು ಘಾಟು ಏಳುತ್ತಿತ್ತು. ಸಾಕ್ಷಿ ಸ್ಪಷ್ಟವಿತ್ತು: ನೂರು ಜನರ ಕಣ್ಣು ನನಗೇನೂ ಮಾಡುವುದಿಲ್ಲ, ಅವ್ವನ ಕಣ್ಣು ಮಾತ್ರ ಮಾಡುತ್ತದೆ. ಇಂದು ಯಾವ ಚರ್ಚಾಸ್ಪರ್ಧೆಯಲ್ಲಾದರೂ ಆ ಹುಡುಗಿಯ ತರ್ಕಕ್ಕೆ ನಾನು ಅಂಕ ಕೊಟ್ಟೇನು.

ಆಮೇಲೆ ಆ ನೋಟ ಹಳಿಯಾಳಕ್ಕೂ ಬಂತು. ಶಾಲೆಯ ಹಲಗೆಯ ಮೇಲೆ ಬರೆಯಲು ಎದ್ದರೆ ಬೆನ್ನಿಗೆ ಅಂಟುತ್ತಿತ್ತು. “ನಿನ್ನ ಕಣ್ಣು ಥೇಟ ನಿಮ್ಮವ್ವನವು ನೋಡು” ಎಂದು ಯಾರೋ ಅಂದ ಮೇಲೆ ನಾನು ಕನ್ನಡಿ ನೋಡದೆ ಕುಂಕುಮ ಹಚ್ಚಿಕೊಳ್ಳಲು ಕಲಿತೆ.

ನನಗೆ ಹತ್ತು ತುಂಬಿದಾಗ ಅವ್ವ ಮುಂಡಗೋಡದಲ್ಲೇ ಉಡಕಿಯಾದಳು, ಅಂದರೆ ಮರುಮದುವೆ. ಆ ನಾಲ್ಕು ದಿನವನ್ನೂ ರದ್ದು ಮಾಡಬೇಕೆಂದು ಅಪ್ಪ ಮತ್ತೆ ಅರ್ಜಿ ಹಾಕಿದ. ಕೋರ್ಟಿನ ಸಾಹೇಬರು ಕರಾವಳಿಯವರು, ಮೆತ್ತಗೆ ಕೇಳಿದರು: “ತಾಯಿ ಹತ್ರ ಹೋಗ್ಲಿಕ್ಕೆ ಮನಸ್ಸುಂಟಾ ಮಗಾ?”

ಅಪ್ಪ ಹೇಳಿಕೊಟ್ಟದ್ದು ಬೇರೆ. ನಾನು ಹೇಳಿದ್ದು ನನ್ನ ಸ್ವಂತ ಶೋಧನೆ.

“ಇಲ್ಲರಿ. ನಮ್ಮವ್ವನ ಕಣ್ಣು ನನಗ ತಟ್ಟತೈತ್ರಿ. ಪ್ರತೀ ಸಲ ಪರೀಕ್ಷಾ ಮಾಡಿ ನೋಡೇನ್ರಿ.”

ವಕೀಲರು ನಕ್ಕರು. ಸಾಹೇಬರು ನಗಲಿಲ್ಲ, ಹುಡುಗಿಗೆ ಮನಸ್ಸಿಲ್ಲ ಎಂದಷ್ಟೇ ಬರೆಸಿದರು. ಅವ್ವ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಹೊರಗೆ ಹೋದಳು. ನಾಲ್ಕು ದಿನ ಅಲ್ಲಿಗೆ ಮುಗಿದವು.

ಎಂಟು ವರ್ಷಗಳ ಮೇಲೆ, ಧಾರವಾಡದಲ್ಲಿ ಕಾಲೇಜಿಗೆಂದು ಗೆಳತಿಯೊಡನೆ ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ, ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದೆ. ಜೊತೆಯವಳು ಬೈದಳು: “ಏ ಶಾಣ್ಯಾಕಿ, ಚೂರು ಉಪ್ಪು ಹಾಕು. ಘಾಟು ಏಳಂಗಿಲ್ಲ. ಇಷ್ಟೂ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಮೂರು ಸಲ ಉಪ್ಪು ಹಾಕಿ ಸುಟ್ಟೆ, ಮೂರು ಸಲ ಹಾಕದೆ ಸುಟ್ಟೆ. ಉಪ್ಪಿದ್ದಾಗ ಒಮ್ಮೆಯೂ ಘಾಟು ಏಳಲಿಲ್ಲ. ಜೊತೆಯವಳು ಕೆಮ್ಮುತ್ತ, ನನಗೇನೋ ಬಡಿದಿದೆ ಎಂದಳು. ಆಯಿ ಬೇಕೆಂದೇ ಹಾಗೆ ಮಾಡುತ್ತಿದ್ದಳೋ, ಅವಳಿಗೂ ತಿಳಿದಿರಲಿಲ್ಲವೋ, ಕೇಳೋಣವೆಂದರೆ ಅವಳು ಸತ್ತಿದ್ದಳು. ಮರುದಿನ ಇದ್ದಿಲಿನಿಂದ ಓಡುವ ಆ ಕಾಲದ ಬಸ್ಸು ಹತ್ತಿ ಮುಂಡಗೋಡಕ್ಕೆ ಹೋದೆ.

ಅವ್ವ ಪಡಸಾಲೆಯಲ್ಲಿ ಅಕ್ಕಿ ಹಸನ ಮಾಡುತ್ತ ಕೂತಿದ್ದಳು. ನನ್ನ ಧ್ವನಿಯಿಂದಲೇ ಗುರುತು ಹಿಡಿದಳು. ಎದುರಿಗೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ: ಉಪ್ಪು, ಕೆಂಡ, ಆಯಿ, ನನ್ನ ತಪ್ಪು.

“ಖರೇನ ಇರಬೇಕು. ನೀ ಕಲ್ತಾಕಿ,” ಎಂದಳು, ಮೊರದಿಂದ ಕಣ್ಣು ಎತ್ತದೆ.

“ಹಂಗಾರ ನನ್ನ ನೋಡು.”

“ನೋಡ್ತೇನಿ ತಡಿ.”

ಅಷ್ಟರಲ್ಲಿ ಅಂಬೆಗಾಲಿಡುತ್ತಿದ್ದ ಅವಳ ಕೂಸು ಕಂಬಕ್ಕೆ ಬಡಿದುಕೊಂಡು ಅತ್ತಿತು. ಅವ್ವ ಕೂತಲ್ಲಿಂದಲೇ ಅತ್ತೆಯನ್ನು ಕೂಗಿದಳು. ಮುದುಕಿ ಬಂದು ಕೂಸನ್ನು ಎತ್ತಿಕೊಂಡು ನನಗೆ ಹೇಳಿದಳು: “ನೋಡವಾ, ಹೆತ್ತ ಮೂರನ್ನೂ ಹಿಂಗ ಬೆಳಸ್ಯಾಳ. ಮಾರಿ ನೋಡಂಗಿಲ್ಲ. ಹಾಲು ಕುಡಸೂಮುಂದ ಸುದ್ದಾ ಸೆರಗು ಕಣ್ಣಿಗೆ ಎಳಕೋತಾಳ. ಯಾರೋ ಏನೋ ಅಂದಿದ್ದರಂತ.”

ಯಾರು ಅಂದದ್ದೆಂದು ಅವ್ವ ಎಂಟು ವರ್ಷ ಆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

“ನಾನಽ ಅಂದಿದ್ದು,” ಎಂದೆ. ಕೂಸನ್ನು ಮುದುಕಿಯ ಕೈಯಿಂದ ತೆಗೆದು ಅವ್ವನ ತೊಡೆಯ ಮೇಲೆ ಇಟ್ಟೆ.

ಅವ್ವ ಕಣ್ಣು ಮುಚ್ಚಿದಳು. ಕೂಸಿನ ಹಣೆಯ ಬಾವು, ಮೂಗು, ಕಿವಿ ಎಲ್ಲವನ್ನೂ ಬೆರಳಿನಿಂದ ಒಂದೊಂದಾಗಿ ಸವರಿದಳು. ಪ್ರತಿ ತಿರುವೂ ಆ ಬೆರಳಿಗೆ ತಿಳಿದಿತ್ತು. ಆಮೇಲೆ, ಕಣ್ಣು ಮುಚ್ಚಿಕೊಂಡೇ, ನನ್ನ ಮುಖದ ಕಡೆ ಕೈ ಚಾಚಿದಳು.