ಬೀದಿಯೆಲ್ಲ ಸೇರಿ ಮಾಡಿದ ಮದುವೆ ವಿಡಿಯೋ

ಗರುಡಾಚಾರ್‌ಪಾಳ್ಯದ ನಮ್ಮ ಪುಟ್ಟ ಕಂಪನಿ ಮಾರುತ್ತಿದ್ದ ತಂತ್ರಾಂಶದ ಕೆಲಸ ಒಂದೇ: ದೊಡ್ಡ ಕೆಲಸವನ್ನು ತುಂಡು ಮಾಡಿ, ಸುಮ್ಮನೆ ಕೂತ ಕಂಪ್ಯೂಟರುಗಳಿಗೆಲ್ಲ ಹಂಚಿ, ಮುಗಿದ ಮೇಲೆ ಜೋಡಿಸಿ ಕೊಡುವುದು. ಅದರ ಕೈಪಿಡಿಗೆ ‘ನಿಜ ಜೀವನದ ಉದಾಹರಣೆಗಳು’ ಎಂಬ ಅಧ್ಯಾಯ ಬರೆಯುವುದು ನನ್ನ ಪಾಲಿಗೆ ಬಂತು. ಹವಾಮಾನ, ಔಷಧದ ಅಣು ಎಂದೆಲ್ಲ ಬರೆದೆ. ಬಾಸ್ ಓದಿ, “ಇದ್ರಲ್ಲಿ ಜೀವನ ಎಲ್ರೀ ಇದೆ?” ಎಂದರು. ಮೈಯೆಲ್ಲ ಉರಿಯಿತು.

ಪುಲಿಕೇಶಿನಗರದಲ್ಲಿ ನನ್ನ ಬಾಡಿಗೆ ಮನೆಯ ಕೆಳಗೆ ಮದುವೆ ವಿಡಿಯೋ ಮಾಡುವ ಭಾಯ್ ಒಬ್ಬರ ಸ್ಟುಡಿಯೋ ಇತ್ತು. ಆ ಗುರುವಾರ ಅವರದೇ ಮಗಳ ನಿಕಾಹ್. ಊರವರ ಮದುವೆಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮನುಷ್ಯ, ಮಗಳ ಮದುವೆಯಲ್ಲಿ ಬಿರಿಯಾನಿ ಹಂಡೆಗಳ ಹಿಂದೆಯೇ ಓಡಾಡಿ ಅವಳ ಮುಖ ಸರಿಯಾಗಿ ನೋಡಿರಲಿಲ್ಲ. ಮರುದಿನ ಸಂಜೆ ಬೀಗರ ವಲೀಮಾ ಊಟದಲ್ಲಿ ಪರದೆ ಮೇಲಾದರೂ ನೋಡಬೇಕೆಂಬ ಆಸೆ. ಅವರ ಮುದಿ ಕಂಪ್ಯೂಟರೋ, ವಿಡಿಯೋ ಸಿದ್ಧಮಾಡಿ ಕೊಡಲು ಭಾನುವಾರದವರೆಗೆ ಗಡುವು ಕೇಳುತ್ತಿತ್ತು.

“ಏನಾದ್ರೂ ಆಗ್ತದಾ ಸಾರ್?”

“ನೀವು ಆರಾಮಾಗಿರಿ ಭಾಯ್, ನಾನ್ ಮಾಡ್ತೀನಿ.”

ಜೆರಾಕ್ಸ್, ಡಿಟಿಪಿ, ಟಿಕೆಟ್ ಬುಕಿಂಗ್ ಎಂದು ಅಕ್ಕಪಕ್ಕದ ಅಂಗಡಿಗಳ ಕಂಪ್ಯೂಟರಿಗೆಲ್ಲ ನಮ್ಮ ತಂತ್ರಾಂಶ ಹಾಕಿ ವಿಡಿಯೋ ಹಂಚಿದೆ. ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಕಂಪ್ಯೂಟರುಗಳಿಗೆಲ್ಲ ಬಿಡುವು ಎಂಬುದು ನನ್ನ ಮಹಾ ಉಪಾಯ. ಬಿಡುವೇನೋ ಸಿಕ್ಕಿತು. ಅಂಗಡಿಯವರು ಪ್ರತಿ ವಾರದಂತೆ ಮೇನ್ ಸ್ವಿಚ್ ಆರಿಸಿ, ಶಟರ್ ಎಳೆದು ಮಸೀದಿಗೆ ಹೊರಟರು. ಖಾಲಿ ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಕೇಳಿಸಿಕೊಳ್ಳಲು ಒಂದು ಬೆಕ್ಕು ಇತ್ತು.

ನಮಾಜ್ ಮುಗಿದು ಶಟರುಗಳು ಮೇಲೆದ್ದ ಮೇಲೆ ಕೆಲಸ ಮತ್ತೆ ಶುರುವಾಯಿತು. ಸಂಜೆಗೆ ಒಂದು ತುಂಡು ಬಿಟ್ಟು ಎಲ್ಲವೂ ಬಂದವು. ಟಿಕೆಟ್ ಬುಕಿಂಗಿನವರು ಅಂಗಡಿ ತೆರೆಯಲೇ ಇಲ್ಲ. ಅವರಿಗೂ ವಲೀಮಾಕ್ಕೆ ಕರೆಯಿತ್ತಲ್ಲ, ಮನೆಯಲ್ಲಿ ಶೇರ್ವಾನಿಗೆ ಇಸ್ತ್ರಿ ಹಾಕುತ್ತಿದ್ದರು. ಅವರಲ್ಲಿ ಉಳಿದದ್ದು ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಭಾಗ. ಬೇರೆ ಅಂಗಡಿಗೆ ಹಂಚಲು ಹೊತ್ತಿರಲಿಲ್ಲ.

ಊಟದ ಹಾಲ್‌ನಲ್ಲಿ ವಿಡಿಯೋ ಓಡಿತು. ಮಗಳು ನಕ್ಕಾಗ ಭಾಯ್ ಕುರ್ಚಿಯಿಂದ ಅರ್ಧ ಎದ್ದರು. ಹೂವಿನಿಂದ ಸಿಂಗರಿಸಿದ ಕಾರು ಬಂದು ನಿಂತಿತು, ಅಷ್ಟಕ್ಕೇ ಮುಗಿದುಹೋಯಿತು. ನಾನು ಮುಖ ಸಣ್ಣ ಮಾಡಿಕೊಂಡು ಹತ್ತಿರ ಹೋದೆ.

“ಆ ತುಂಡು ಬರದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ ಸಾರ್. ಅವಳನ್ನ ಕಳಿಸಿದ್ದೊಂದು ಮಾತ್ರ ಕಣ್ಣಾರೆ ನೋಡಿದೀನಿ, ಸಾಕು,” ಎಂದು ನನ್ನ ತಟ್ಟೆಗೆ ಇನ್ನಷ್ಟು ಬಿರಿಯಾನಿ ಹಾಕಿಸಿದರು.

ಶನಿವಾರ ಟಿಕೆಟ್ ಅಂಗಡಿ ತೆರೆದು ಆ ತುಂಡೂ ಬಂತು. ಬಾಸಿಗೆ ತೋರಿಸಲು ಜೀವನ ಸಿಕ್ಕಿತೆಂಬ ಖುಷಿಯಲ್ಲಿ ಸ್ಟುಡಿಯೋಗೆ ಇಳಿದು ಹಾಕಿ ತೋರಿಸಿದೆ. ಭಾಯ್ ಕನ್ನಡಕ ಒರೆಸಿಕೊಂಡು, “ಇನ್ನೊಂದ್ಸಲ ಹಾಕಿ,” ಎಂದರು. ಮಗಳು ಕಾರು ಹತ್ತುವ ಮುಂಚೆ ತಿರುಗಿ ನೋಡುವಾಗ ಅವರೇ ಕೈ ಚಾಚಿ ಚಿತ್ರ ನಿಲ್ಲಿಸಿದರು. ಅಷ್ಟರಲ್ಲಿ ಮಧ್ಯಾಹ್ನದ ಅಜಾನ್ ಕೇಳಿಸಿತು. ಎದ್ದು ಟೋಪಿ ಹಾಕಿಕೊಂಡು, ಇಬ್ಬರೂ ಹೊರಬಂದ ಮೇಲೆ ಶಟರ್ ಎಳೆದು ಹೊರಟರು.

ಮೇನ್ ಸ್ವಿಚ್ ಆರಿಸಲಿಲ್ಲ.